ಪುರಾವೆ ಕೊಡಬೇಕಾದವರು ಯಾರು? ವಿಜ್ಞಾನ, ಉದ್ಯಮ ಮತ್ತು ಸರ್ಕಾರದ ಹಗ್ಗಜಗ್ಗಾಟ

1924ರ ಅಕ್ಟೋಬರ್ 30ರಂದು ಥಾಮಸ್ ಮಿಡ್ಜ್ಲಿ ಎಂಬ ಎಂಜಿನಿಯರ್ ನ್ಯೂಯಾರ್ಕಿನಲ್ಲಿ ಪತ್ರಕರ್ತರನ್ನು ಎದುರಿಗೆ ಕೂರಿಸಿಕೊಂಡು, ಒಂದು ದ್ರವವನ್ನು ಎರಡೂ ಕೈಗೆ ಸುರಿದು ಉಜ್ಜಿಕೊಂಡರು. ಆಮೇಲೆ ಅದೇ ದ್ರವವನ್ನು ಮೂಗಿನ ಹತ್ತಿರ ಹಿಡಿದು ಸುಮಾರು ಒಂದು ನಿಮಿಷ ಉಸಿರೆಳೆದುಕೊಂಡರು. ದಿನಾ ಹೀಗೆ ಮಾಡಿದರೂ ತನಗೇನೂ ಆಗುವುದಿಲ್ಲ ಎಂದರು. ಆ ದ್ರವ ಟೆಟ್ರಾಈಥೈಲ್ ಲೆಡ್, ಅಂದರೆ ಸೀಸದ ಒಂದು ಸಂಯುಕ್ತ. ಪೆಟ್ರೋಲಿಗೆ ಚೂರು ಬೆರೆಸಿದರೆ ಇಂಜಿನ್ ಬಡಿತದ ಸದ್ದಿಲ್ಲದೆ ಓಡುತ್ತಿತ್ತು.

ಪತ್ರಕರ್ತರು ಅಲ್ಲಿ ಸುಮ್ನೆ ಸೇರಿರಲಿಲ್ಲ. ನ್ಯೂಜೆರ್ಸಿಯ ಬೇವೇ ರಿಫೈನರಿಯಲ್ಲಿ ಆ ದ್ರವ ತಯಾರಿಸುತ್ತಿದ್ದ ಕಾರ್ಮಿಕರು ಕೆಲವೇ ದಿನಗಳ ಹಿಂದೆ ಇದ್ದಕ್ಕಿದ್ದಂತೆ ಬುದ್ಧಿ ಕೆಟ್ಟು ಕಿರುಚಾಡಿ, ಇಲ್ಲದ್ದನ್ನು ಕಂಡು ಹೆದರಿ ಆಸ್ಪತ್ರೆ ಸೇರಿದ್ದರು. ಐದು ಜನ ಸತ್ತರು. ಮಿಡ್ಜ್ಲಿ ಅಂದು ಹೇಳದ ಒಂದು ಮಾತಿತ್ತು. ಸೀಸದ ವಿಷ ಮೈಗೇರಿ 1923ರಲ್ಲಿ ಸ್ವತಃ ಅವರೇ ಕೆಲಸದಿಂದ ರಜೆ ಹಾಕಿ ವಿಶ್ರಾಂತಿ ಪಡೆದಿದ್ದರು.

ಈ ಕಥೆಯನ್ನು ಸಾಮಾನ್ಯವಾಗಿ ಹೇಳುವ ಧಾಟಿ ನಮಗೆಲ್ಲ ಗೊತ್ತು. ಕಂಪನಿ ದುರಾಸೆಯದ್ದು, ಸರ್ಕಾರ ಕೈಲಾಗದ್ದು, ವಿಜ್ಞಾನಿ ಮಾತ್ರ ಸತ್ಯವಂತ. ಕೇಳಲು ಚೆನ್ನಾಗಿದೆ, ಆದರೆ ಏನನ್ನೂ ವಿವರಿಸುವುದಿಲ್ಲ. ಮಿಡ್ಜ್ಲಿ ಕೂಡ ವಿಜ್ಞಾನದ ಕಡೆಯವರೇ ಅಲ್ವಾ? ಮುಂದೆ ಅಮೆರಿಕನ್ ಕೆಮಿಕಲ್ ಸೊಸೈಟಿಯ ಅಧ್ಯಕ್ಷರೂ ಆದರು. ವಿಜ್ಞಾನ, ಉದ್ಯಮ, ಸರ್ಕಾರ ಈ ಮೂವರ ನಡುವಿನ ಜಗಳ ಹೊರಗೆ ನೋಡಿದರೆ 'ಸತ್ಯ ಏನು' ಎಂಬುದರ ಬಗ್ಗೆ ಇದ್ದಂತೆ ಕಾಣುತ್ತದೆ. ಒಳಗೆ ಇಳಿದು ನೋಡಿದರೆ ಬಹಳ ಸಲ ಅದು ಬೇರೆ ಎರಡು ಪ್ರಶ್ನೆಗಳ ಜಗಳ. ಪುರಾವೆ ಕೊಡಬೇಕಾದವರು ಯಾರು? ಪುರಾವೆ ಸಿಗುವವರೆಗೆ ಅಪಾಯ ಯಾರ ತಲೆಯ ಮೇಲೆ ಇರಬೇಕು?

ಮೂವರಿಗೂ ಬೇಕಾದದ್ದು ಬೇರೆ ಬೇರೆ. ವಿಜ್ಞಾನಿ 'ಈಗಿರುವ ಮಾಹಿತಿ ಪ್ರಕಾರ, ಬಹುಶಃ' ಎನ್ನುತ್ತಾರೆ. ನಾಳೆ ಹೊಸ ಅಳತೆ ಬಂದರೆ ಮಾತು ಬದಲಿಸುವುದು ಅವರಿಗೆ ಅವಮಾನವಲ್ಲ, ಅದೇ ಅವರ ಕಸುಬು. ಕಂಪನಿಗೆ ಇವತ್ತು ಕಾರ್ಖಾನೆಗೆ ಹಾಕಿದ ಹಣ ಹತ್ತು ವರ್ಷದ ಮೇಲೂ ದುಡಿಯುತ್ತದೆಯೇ ಎಂಬುದು ಮುಖ್ಯ. ಸರ್ಕಾರ ಒಂದು ತಾರೀಖಿನೊಳಗೆ ಹೌದು ಅಥವಾ ಇಲ್ಲ ಎನ್ನಬೇಕು. ಆ ಮಾತು ಕೋರ್ಟಿನಲ್ಲಿ ನಿಲ್ಲಬೇಕು, ಚುನಾವಣೆಯಲ್ಲೂ ತಿರುಗಿ ಬಡಿಯಬಾರದು. ಹಾಗಾಗಿ ವಿಜ್ಞಾನಿಯ 'ಬಹುಶಃ' ಕಂಪನಿಯ ಕಿವಿಗೆ 'ಇನ್ನೂ ಸಾಬೀತಾಗಿಲ್ಲ' ಎಂದು ಬೀಳುತ್ತದೆ. ಸರ್ಕಾರದ ಕಿವಿಗೆ 'ಈಗಲೇ ಬೇಡ' ಎಂದು. ಇಷ್ಟಾಗಲು ಯಾರೂ ಸುಳ್ಳು ಹೇಳಬೇಕಾಗಿಲ್ಲ. ಹೇಳಿದವರೂ ಇದ್ದಾರೆ, ಆ ಮಾತು ಮುಂದೆ ಬರುತ್ತದೆ.

ಸೀಸದ ಕಥೆಯನ್ನು ಪೂರ್ತಿ ನೋಡೋಣ

ಇಂಜಿನ್ನಿನ ಸಿಲಿಂಡರಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚುತ್ತದೆ. ಆ ಬೆಂಕಿ ಹರಡುವ ಮೊದಲೇ ಒತ್ತಡಕ್ಕೆ ಮಿಶ್ರಣದ ಒಂದು ಭಾಗ ತಾನಾಗಿಯೇ ಹೊತ್ತಿಕೊಂಡರೆ ಟಣ್ ಟಣ್ ಎಂದು ಬಡಿತ ಶುರುವಾಗುತ್ತದೆ. ಇದನ್ನೇ ನಾಕಿಂಗ್ ಎನ್ನುತ್ತಾರೆ. ಇದನ್ನು ತಡೆಯದೆ ಹೆಚ್ಚು ಶಕ್ತಿಯ ಇಂಜಿನ್ ಕಟ್ಟಲು ಆಗುತ್ತಿರಲಿಲ್ಲ. ಜನರಲ್ ಮೋಟಾರ್ಸ್‌ನ ಲ್ಯಾಬಿನಲ್ಲಿ ಮಿಡ್ಜ್ಲಿ ಮತ್ತು ಅವರ ಜೊತೆಗಾರರು ಏನೇನೋ ಬೆರೆಸಿ ನೋಡಿ, 1921ರ ಡಿಸೆಂಬರ್‌ನಲ್ಲಿ ಟೆಟ್ರಾಈಥೈಲ್ ಲೆಡ್ ಈ ಬಡಿತವನ್ನು ನಿಲ್ಲಿಸುತ್ತದೆ ಎಂದು ಕಂಡುಕೊಂಡರು.

ಆಲ್ಕೋಹಾಲ್ ಬೆರೆಸಿದರೂ ನಾಕಿಂಗ್ ಕಡಿಮೆಯಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆದರೆ ಆಲ್ಕೋಹಾಲನ್ನು ಯಾರು ಬೇಕಾದರೂ ತಯಾರಿಸಬಹುದು, ಅದರ ಮೇಲೆ ಯಾರಿಗೂ ಪೇಟೆಂಟ್ ಸಿಗುವುದಿಲ್ಲ. ಜೊತೆಗೆ ತುಂಬಾ ಜಾಸ್ತಿ ಬೆರೆಸಬೇಕು. ಸೀಸವಾದರೆ ಗ್ಯಾಲನ್ನಿಗೆ ಕೆಲವೇ ಗ್ರಾಂ ಸಾಕು, ಪೇಟೆಂಟೂ ಸಿಗುತ್ತದೆ. ವ್ಯಾಪಾರದ ಕಣ್ಣಿನಿಂದ ನೋಡಿದರೆ ಇದು ಯೋಚನೆ ಮಾಡುವ ವಿಷಯವೇ ಅಲ್ಲ. ಜನರಲ್ ಮೋಟಾರ್ಸ್ ಮತ್ತು ಸ್ಟ್ಯಾಂಡರ್ಡ್ ಆಯಿಲ್ ಆಫ್ ನ್ಯೂಜೆರ್ಸಿ ಸೇರಿ 1924ರಲ್ಲಿ ಈಥೈಲ್ ಕಾರ್ಪೊರೇಷನ್ ಕಟ್ಟಿದವು. ಹೆಸರಿನಲ್ಲಿ ಸೀಸದ ಸುಳಿವೂ ಇರಲಿಲ್ಲ.

ಸೀಸ ವಿಷ ಎಂಬುದು ಆಗ ಹೊಸ ಸಂಗತಿಯೇನಲ್ಲ. ವೈದ್ಯರಿಗೆ ಶತಮಾನಗಳಿಂದ ಗೊತ್ತಿತ್ತು. ಹಾಗಾದರೆ ಸರ್ಕಾರ ಏನು ಮಾಡುತ್ತಿತ್ತು? ಅಮೆರಿಕದ ಬ್ಯೂರೋ ಆಫ್ ಮೈನ್ಸ್ ಎಂಬ ಸರ್ಕಾರಿ ಸಂಸ್ಥೆ ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸುತ್ತಿತ್ತು. ಹಣ ಕೊಟ್ಟದ್ದು ಕಂಪನಿ. ಪ್ರಕಟಿಸುವ ಮೊದಲು ಬರಹವನ್ನು ಕಂಪನಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು ಎಂಬ ಷರತ್ತೂ ಇತ್ತು. ಬೇವೇ ಸಾವುಗಳ ಸುದ್ದಿ ಪತ್ರಿಕೆಗಳ ಮುಖಪುಟದಲ್ಲಿ ಇನ್ನೂ ಇರುವಾಗಲೇ ಆ ವರದಿ ಹೊರಬಂತು. ಇಂಜಿನ್ ಹೊಗೆಯಿಂದ ಜನರಿಗೆ ಅಪಾಯ ಕಾಣುತ್ತಿಲ್ಲ ಎಂದಿತು.

ಈ ಷರತ್ತನ್ನು ಸ್ವಲ್ಪ ನಿಂತು ನೋಡಬೇಕು. ವರದಿ ಬರೆದವರು ಅಂಕಿ ಅಂಶ ತಿರುಚಿದರು ಎಂದು ನಾನು ಹೇಳುತ್ತಿಲ್ಲ. ಆದರೆ ಬೇರೆ ಫಲಿತಾಂಶ ಬಂದಿದ್ದರೆ ಅದು ನಮ್ಮ ಕೈಗೆ ಬರುತ್ತಿತ್ತೇ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಆ ಪ್ರಶ್ನೆ ಹುಟ್ಟಿದ ಕ್ಷಣವೇ ವರದಿಯ ಬೆಲೆ ಹೋಯಿತು, ಅದು ಸರಿಯಿದ್ದರೂ ಕೂಡ.

ನ್ಯೂಯಾರ್ಕ್ ನಗರ ಮತ್ತು ನ್ಯೂಜೆರ್ಸಿ ಮಾರಾಟ ನಿಲ್ಲಿಸಿದವು. ಗಲಾಟೆ ಜೋರಾಯಿತು. 1925ರ ಮೇ 20ರಂದು ದೇಶದ ಸರ್ಜನ್ ಜನರಲ್, ಅಂದರೆ ಸರ್ಕಾರದ ಮುಖ್ಯ ಆರೋಗ್ಯ ಅಧಿಕಾರಿ, ವಾಷಿಂಗ್ಟನ್ನಿನಲ್ಲಿ ಒಂದು ಸಭೆ ಕರೆದರು. ಕಂಪನಿಯ ಪರವಾಗಿ ಬಂದಿದ್ದ ಫ್ರಾಂಕ್ ಹೋವರ್ಡ್ ಈ ಪದಾರ್ಥವನ್ನು ದೇವರ ಕೊಡುಗೆ ಎಂದು ಬಣ್ಣಿಸಿದರು. ಯೇಲ್ ವಿಶ್ವವಿದ್ಯಾಲಯದ ಯಾಂಡೆಲ್ ಹೆಂಡರ್ಸನ್ ಬೇರೆಯದೇ ಮಾತು ಆಡಿದರು. ಕಾರ್ಖಾನೆಯಲ್ಲಿ ಐದು ಜನ ಸತ್ತದ್ದು ಎದ್ದು ಕಾಣುತ್ತದೆ, ಆದರೆ ಬೀದಿಯ ಗಾಳಿಯಲ್ಲಿ ಸೀಸ ನಿಧಾನಕ್ಕೆ ಸೇರುತ್ತಾ ಹೋದರೆ ಯಾರ ಗಮನಕ್ಕೂ ಬರುವುದಿಲ್ಲ, ಬರುವ ಹೊತ್ತಿಗೆ ಅದು ಎಲ್ಲೆಡೆ ಹಬ್ಬಿರುತ್ತದೆ ಎಂಬುದು ಅವರ ಚಿಂತೆ. ಕಾರ್ಮಿಕರ ಆರೋಗ್ಯದ ವಿಷಯದಲ್ಲಿ ದೊಡ್ಡ ಹೆಸರಾಗಿದ್ದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಕೂಡ ಸೀಸ ಬೇಡ ಎಂದರು.

ಒಂದು ಸಮಿತಿ ನೇಮಕವಾಯಿತು. ಮಾರಾಟ ನಿಂತಿದ್ದರಿಂದ ಬೇಗ ವರದಿ ಕೊಡಬೇಕಿತ್ತು. ಓಹಾಯೋದಲ್ಲಿ 252 ಜನ ಡ್ರೈವರ್‌ಗಳು ಮತ್ತು ಗ್ಯಾರೇಜ್ ಕೆಲಸಗಾರರನ್ನು ಪರೀಕ್ಷಿಸಿ, ನಿಷೇಧ ಹೇರಲು ಸಾಕಷ್ಟು ಆಧಾರವಿಲ್ಲ ಎಂದು 1926ರ ಜನವರಿಯಲ್ಲಿ ಹೇಳಿತು. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇತ್ತು. ಇಷ್ಟು ಕಡಿಮೆ ಅವಧಿಯಲ್ಲಿ ನಿಧಾನ ವಿಷ ಗೊತ್ತಾಗದೇ ಇರಬಹುದು, ಹಾಗಾಗಿ ಸರ್ಕಾರದ ದುಡ್ಡಿನಲ್ಲಿ ಈ ಅಧ್ಯಯನ ಮುಂದುವರಿಯಬೇಕು ಎಂದು. ಮೊದಲ ಮಾತು ಜಾರಿಯಾಯಿತು. ಎರಡನೆಯದನ್ನು ಎಲ್ಲರೂ ಮರೆತರು.

ಸರ್ಕಾರ ಬಿಟ್ಟ ಜಾಗಕ್ಕೆ ಕಂಪನಿ ಬಂತು. ಸಿನ್ಸಿನಾಟಿ ವಿಶ್ವವಿದ್ಯಾಲಯದ ಡಾ. ರಾಬರ್ಟ್ ಕೀಹೋ ಮುಂದಿನ ನಾಲ್ಕು ದಶಕ ಸೀಸದ ಬಗ್ಗೆ ಅಮೆರಿಕದ ದೊಡ್ಡ ತಜ್ಞರಾಗಿದ್ದರು. ಅವರ ಲ್ಯಾಬಿಗೆ ಹಣ ಬರುತ್ತಿದ್ದದ್ದು ಸೀಸ ಮಾರುವವರಿಂದ. ಈಥೈಲ್ ಕಾರ್ಪೊರೇಷನ್‌ನ ವೈದ್ಯಕೀಯ ಮುಖ್ಯಸ್ಥರೂ ಅವರೇ. ಅವರ ವಾದ ಸರಳ: ಸೀಸ ಮಣ್ಣಿನಲ್ಲಿ, ನೀರಿನಲ್ಲಿ ಸಹಜವಾಗಿ ಇರುವ ವಸ್ತು, ದೇಹ ಅದನ್ನು ಹೊರಹಾಕುತ್ತದೆ, ಒಂದು ಮಟ್ಟದ ಕೆಳಗೆ ಅಪಾಯವಿಲ್ಲ. ಇಲ್ಲ ಎನ್ನುವವರು ರೋಗಿಗಳನ್ನು ತೋರಿಸಲಿ.

ಈ ವಾದಕ್ಕೆ ಬಲ ಕೊಡಲು ಅವರು ಕಾರುಗಳಿಲ್ಲದ ಮೆಕ್ಸಿಕೋದ ಒಂದು ಹಳ್ಳಿಯ ಜನರನ್ನು ಪರೀಕ್ಷಿಸಿದರು. ಅವರ ದೇಹದಲ್ಲೂ ಸೀಸ ಸಿಕ್ಕಿತು. ನೋಡಿ, ಇದು ಸಹಜ ಎಂದರು. ಆದರೆ ಆ ಜನ ಊಟ ಮಾಡುತ್ತಿದ್ದ ಮಣ್ಣಿನ ಪಾತ್ರೆಗಳ ಹೊಳಪಿನಲ್ಲೇ ಸೀಸವಿತ್ತು! ಹೋಲಿಸಲು ಆರಿಸಿಕೊಂಡ ಗುಂಪೇ ಸೀಸ ತಿನ್ನುತ್ತಿತ್ತು.

ಕಾರ್ಮಿಕರ ರಕ್ತ ತೆಗೆಯಲು ಅನುಮತಿ ಇದ್ದದ್ದು ಕೀಹೋ ಅವರಿಗೆ, ದುಡ್ಡು ಇದ್ದದ್ದು ಅವರ ಹತ್ತಿರ, ಒಳ್ಳೆಯ ಉಪಕರಣ ಇದ್ದದ್ದೂ ಅವರ ಲ್ಯಾಬಿನಲ್ಲಿ. ಬೇರೆಯವರ ಹತ್ತಿರ ಮಾಹಿತಿ ಇಲ್ಲದ್ದಕ್ಕೆ ಕಾರಣ ಅವರಿಗೆ ಒಳಗೆ ಪ್ರವೇಶವೇ ಇಲ್ಲದಿದ್ದದ್ದು. ಆಮೇಲೆ ಅವರಿಗೇ 'ಮಾಹಿತಿ ತೋರಿಸಿ' ಎಂದರೆ ಏನು ತೋರಿಸುತ್ತಾರೆ?

ಭೂಮಿಯ ವಯಸ್ಸು ಹುಡುಕಲು ಹೋದವರು

ಈ ಬಿಗಿಯನ್ನು ಸಡಿಲಿಸಿದ್ದು ವೈದ್ಯರಲ್ಲ, ಸೀಸದ ಆರೋಗ್ಯ ಪರಿಣಾಮದ ಬಗ್ಗೆ ಮೊದಲು ತಲೆಯನ್ನೂ ಕೆಡಿಸಿಕೊಳ್ಳದ ಒಬ್ಬ ಭೂರಸಾಯನ ವಿಜ್ಞಾನಿ. ಕ್ಯಾಲ್‌ಟೆಕ್‌ನ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಯಲ್ಲಿರುವ ಸೀಸದ ಐಸೋಟೋಪುಗಳನ್ನು (ಬೇರೆ ಬೇರೆ ತೂಕದ ಸೀಸದ ಪರಮಾಣುಗಳನ್ನು) ಅಳೆದು ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು ಲೆಕ್ಕ ಹಾಕಿದವರು. ಈ ಕೆಲಸದಲ್ಲಿ ಅವರಿಗೆ ಒಂದೇ ಕಾಟ. ಎಲ್ಲಿ ನೋಡಿದರೂ ಸೀಸ. ಗಾಜಿನ ಪಾತ್ರೆಯಲ್ಲಿ, ನಲ್ಲಿ ನೀರಿನಲ್ಲಿ, ಧೂಳಿನಲ್ಲಿ, ಕೂದಲಲ್ಲಿ. ಅಳೆಯಬೇಕಾದ ಸೀಸಕ್ಕಿಂತ ಹೊರಗಿನಿಂದ ಬಂದು ಸೇರುತ್ತಿದ್ದ ಸೀಸವೇ ಜಾಸ್ತಿ. ವರ್ಷಗಟ್ಟಲೆ ಗುದ್ದಾಡಿ, ಗಾಳಿಯನ್ನೂ ಶೋಧಿಸಿ ಬಿಡುವ ಲ್ಯಾಬ್ ಕಟ್ಟಿದರು. ಆಗ ಅವರಿಗೆ ಒಂದು ವಿಷಯ ಹೊಳೆಯಿತು. ಉಳಿದವರು ಇಷ್ಟು ವರ್ಷ 'ಸಹಜ ಮಟ್ಟ' ಎಂದು ಅಳೆಯುತ್ತಿದ್ದದ್ದರಲ್ಲಿ ಅವರವರ ಲ್ಯಾಬಿನ ಕೊಳೆಯೂ ಸೇರಿತ್ತು.

1965ರಲ್ಲಿ ಅವರು ಪ್ರಕಟಿಸಿದ ಲೇಖನದ ಪ್ರಕಾರ ಸಾಮಾನ್ಯ ಅಮೆರಿಕನ್ನನ ದೇಹದಲ್ಲಿ ಇರುವ ಸೀಸ ಸಹಜ ಮಟ್ಟದ ಸುಮಾರು 100 ಪಟ್ಟು. ಜೊತೆಗಾರರೊಂದಿಗೆ ಗ್ರೀನ್‌ಲ್ಯಾಂಡಿನ ಹಿಮವನ್ನು ಅಗೆದು ನೋಡಿದಾಗ, ಪುರಾತನ ಪದರಕ್ಕಿಂತ ಹೊಸ ಪದರದಲ್ಲಿ 200 ಪಟ್ಟಿಗೂ ಹೆಚ್ಚು ಸೀಸ ಸಿಕ್ಕಿತು. ಕಾರು ಓಡದ ಹಿಮದ ನಾಡಿನಲ್ಲಿ!

ಆಮೇಲೆ ಆದದ್ದು ನಿರೀಕ್ಷಿತವೇ. ತೈಲ ಕಂಪನಿಗಳ ಸಂಘವಾದ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಕೊಡುತ್ತಿದ್ದ ಅನುದಾನ ನಿಂತಿತು. ಸರ್ಕಾರದ್ದೇ ಆದ ಪಬ್ಲಿಕ್ ಹೆಲ್ತ್ ಸರ್ವೀಸ್ ಕೂಡ ಅವರ ಒಪ್ಪಂದವನ್ನು ಮುಂದುವರಿಸಲಿಲ್ಲ. ಗಾಳಿಯಲ್ಲಿರುವ ಸೀಸದ ಬಗ್ಗೆ ರಾಷ್ಟ್ರೀಯ ಸಂಶೋಧನಾ ಮಂಡಳಿ ಸಮಿತಿ ಮಾಡಿ 1971ರಲ್ಲಿ ವರದಿ ಕೊಟ್ಟಾಗ ಅದರಲ್ಲಿ ಪ್ಯಾಟರ್ಸನ್ ಇರಲಿಲ್ಲ. ಆದರೂ ಅವರು ಉಳಿದರು. ಬೇರೆ ಸರ್ಕಾರಿ ಸಂಸ್ಥೆಗಳ ಹಣ ಬರುತ್ತಲೇ ಇತ್ತು. ಒಂದೇ ಬಾವಿಯ ನೀರು ಕುಡಿಯುವವರಾಗಿದ್ದರೆ ಅವರ ಲ್ಯಾಬ್ 1966ಕ್ಕೇ ಮುಚ್ಚುತ್ತಿತ್ತು.

ಹಾಗಾದರೆ ಪ್ಯಾಟರ್ಸನ್ ಗೆದ್ದರೇ? ಪಠ್ಯಪುಸ್ತಕದ ಧಾಟಿಯಲ್ಲಿ ಹೌದು. ನಿಜವಾಗಿ ಸೀಸವನ್ನು ಮೊದಲು ಹೊರಗೆ ತಳ್ಳಿದ್ದು ಕಾರಿನ ಹೊಗೆ ಕೊಳವೆಗೆ ಜೋಡಿಸುವ ಒಂದು ಉಪಕರಣ. 1970ರಲ್ಲಿ ಅಮೆರಿಕದಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಹುಟ್ಟಿತು. ಅದೇ ವರ್ಷ ಬಂದ ಗಾಳಿ ಶುದ್ಧತೆ ಕಾನೂನು ಕಾರುಗಳ ಹೊಗೆಗೆ ಕಟ್ಟುನಿಟ್ಟಿನ ಮಿತಿ ಹಾಕಿತು. ಕಂಪನಿಗಳು ಅದಕ್ಕೆ ಕಂಡುಕೊಂಡ ದಾರಿ ಕ್ಯಾಟಲಿಟಿಕ್ ಕನ್ವರ್ಟರ್. ಅದರೊಳಗಿನ ಪ್ಲಾಟಿನಂ ಲೇಪದ ಮೇಲೆ ಸೀಸ ಕೂತರೆ ಉಪಕರಣ ಕೆಲಸಕ್ಕೆ ಬಾರದು. ಜನರಲ್ ಮೋಟಾರ್ಸ್ ಅಷ್ಟರಲ್ಲಿ, 1962ರಲ್ಲೇ, ಈಥೈಲ್ ಕಂಪನಿಯಲ್ಲಿನ ತನ್ನ ಪಾಲನ್ನು ಮಾರಿಬಿಟ್ಟಿತ್ತು. ಸೀಸವನ್ನು ಮಾರುಕಟ್ಟೆಗೆ ತಂದ ಕಂಪನಿಗೇ ಈಗ ಸೀಸವಿಲ್ಲದ ಪೆಟ್ರೋಲ್ ಬೇಕಾಯಿತು. ಉದ್ಯಮ ಎರಡು ಹೋಳಾದಾಗ ಸರ್ಕಾರಕ್ಕೆ ನಡುವೆ ದಾರಿ ಸಿಕ್ಕಿತು. 'ಉದ್ಯಮ' ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ, ಅದು ಯಾವತ್ತೂ ಒಂದೇ ಆಗಿರುವುದಿಲ್ಲ.

ಎರಡನೆಯ ತಿರುವು ಕೋರ್ಟಿನಲ್ಲಿ. ಪೆಟ್ರೋಲಿನಲ್ಲಿ ಸೀಸ ಕಡಿಮೆ ಮಾಡಬೇಕು ಎಂಬ ನಿಯಮವನ್ನು ಈಥೈಲ್ ಕಂಪನಿ ಪ್ರಶ್ನಿಸಿತು. ನಿಜವಾಗಿ ಹಾನಿಯಾಗಿದೆ ಎಂದು ತೋರಿಸಿ ಎಂಬುದೇ ವಾದ, ಕೀಹೋ ಅವರದ್ದೇ ವಾದ. 1976ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ 5-4ರ ಬಹುಮತದಲ್ಲಿ ಅದನ್ನು ತಳ್ಳಿಹಾಕಿತು. ಅಪಾಯ ತಡೆಯಲೆಂದೇ ಇರುವ ಕಾನೂನಿನ ಕೆಳಗೆ, ಹಾನಿ ಆಗುವವರೆಗೆ ಕಾಯಬೇಕಾಗಿಲ್ಲ ಎಂದಿತು. ಒಬ್ಬ ನ್ಯಾಯಾಧೀಶರ ಮತ ಆ ಕಡೆ ಬಿದ್ದಿದ್ದರೆ ಕಥೆ ಬೇರೆ.

ಪುರಾವೆ ಆಮೇಲೆ ತಾನಾಗಿಯೇ ಬಂತು. ಹರ್ಬರ್ಟ್ ನೀಡಲ್‌ಮನ್ ಮಕ್ಕಳ ಉದುರಿದ ಹಾಲುಹಲ್ಲುಗಳಲ್ಲಿ ಸೀಸ ಅಳೆದು, ಹೆಚ್ಚು ಸೀಸವಿದ್ದ ಮಕ್ಕಳ ಐಕ್ಯೂ ಮತ್ತು ಗಮನಶಕ್ತಿ ಕಡಿಮೆ ಇದೆ ಎಂದು 1979ರಲ್ಲಿ ತೋರಿಸಿದರು. 1976ರಿಂದ 1980ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅಮೆರಿಕನ್ನರ ರಕ್ತದಲ್ಲಿನ ಸೀಸ ಸರಾಸರಿ 37 ಶೇಕಡಾ ಇಳಿದಿತ್ತು. ಪೆಟ್ರೋಲಿನ ಸೀಸ ಇಳಿದ ಹಾಗೆಯೇ ರಕ್ತದ ಗೆರೆಯೂ ಇಳಿದಿತ್ತು. ಈ ಪುರಾವೆ ಸಿಗಬೇಕಾದರೆ ಮೊದಲು ಸೀಸ ಕಡಿಮೆಯಾಗಲೇಬೇಕಿತ್ತು! ಪುರಾವೆಗಾಗಿ ಕಾಯುತ್ತಾ ಕೂತಿದ್ದರೆ ಅದು ಬರುತ್ತಲೇ ಇರಲಿಲ್ಲ. ಇಷ್ಟಾದರೂ 1982ರಲ್ಲಿ ರೇಗನ್ ಸರ್ಕಾರ ಸೀಸದ ಮಿತಿ ಸಡಿಲಿಸುವ ಯೋಚನೆಯಲ್ಲಿತ್ತು. ಲಾಭ ನಷ್ಟದ ಲೆಕ್ಕ ಹಾಕಿದಾಗ ಸೀಸ ತೆಗೆಯುವುದೇ ಅಗ್ಗ ಎಂದು ಗೊತ್ತಾಯಿತು. 1985ರಲ್ಲಿ ಅದೇ ಸರ್ಕಾರ ಮಿತಿಯನ್ನು ಇನ್ನೂ ಬಿಗಿ ಮಾಡಿತು. ಅಮೆರಿಕದ ರಸ್ತೆಯ ವಾಹನಗಳಿಗೆ ಪೂರ್ತಿ ನಿಷೇಧ ಬಂದದ್ದು 1996ರಲ್ಲಿ. ಜಗತ್ತಿನಲ್ಲಿ ಕೊನೆಯದಾಗಿ ಮಾರಾಟ ನಿಲ್ಲಿಸಿದ್ದು ಅಲ್ಜೀರಿಯಾ, 2021ರಲ್ಲಿ. ಹೆಂಡರ್ಸನ್ ಎಚ್ಚರಿಸಿ ಅಷ್ಟೊತ್ತಿಗೆ 96 ವರ್ಷ ಕಳೆದಿತ್ತು.

ಸರ್ಕಾರವೇ ವಿಜ್ಞಾನದ ಬಾಯಿ ಹಿಡಿದಾಗ

ಎಲ್ಲ ಸಲ ಕಂಪನಿಯೇ ಎದುರಾಳಿ ಎಂದುಕೊಂಡರೆ ತಪ್ಪಾಗುತ್ತದೆ. ಸೋವಿಯತ್ ಒಕ್ಕೂಟದಲ್ಲಿ ಖಾಸಗಿ ಕಂಪನಿಗಳೇ ಇರಲಿಲ್ಲ. ಅಲ್ಲಿ ಸ್ಟಾಲಿನ್ ಬೆಂಬಲ ಪಡೆದ ಕೃಷಿ ವಿಜ್ಞಾನಿ ಲೈಸೆಂಕೋ 1948ರಲ್ಲಿ ತಳಿಶಾಸ್ತ್ರವನ್ನೇ ಹೊರಗಟ್ಟಿದರು. ಅದಕ್ಕೂ ಮೊದಲು, 1943ರಲ್ಲಿ, ಜಗತ್ತಿನ ಬೀಜಗಳನ್ನು ಸಂಗ್ರಹಿಸಿದ ನಿಕೊಲಾಯ್ ವವಿಲೋವ್ ಜೈಲಿನಲ್ಲಿ ಸತ್ತಿದ್ದರು.

ಅಷ್ಟು ಭಯಂಕರವಲ್ಲದ, ನಮಗೆ ಹೆಚ್ಚು ಪರಿಚಿತವೆನಿಸುವ ಉದಾಹರಣೆ ಬ್ರಿಟನ್ನಿನ ಹುಚ್ಚು ಹಸು ರೋಗ. ಈ ರೋಗ ಮನುಷ್ಯರಿಗೆ ಬರುವ ಸಾಧ್ಯತೆ ಬಹಳ ಕಡಿಮೆ, ಆದರೆ ನಮ್ಮ ಅಂದಾಜು ತಪ್ಪಾದರೆ ಪರಿಣಾಮ ತೀರಾ ಗಂಭೀರ ಎಂದು ಸರ್ಕಾರ ನೇಮಿಸಿದ ವಿಜ್ಞಾನಿಗಳ ಸೌತ್‌ವುಡ್ ಸಮಿತಿ 1989ರಲ್ಲಿ ಹೇಳಿತು. ವಿಜ್ಞಾನಿಗಳ ಭಾಷೆಯಲ್ಲಿ ಇದು ಪ್ರಾಮಾಣಿಕ ಮಾತು. ರಾಜಕೀಯದಲ್ಲಿ ಇದು ಅಡ್ಡಗೋಡೆಯ ಮೇಲಿಟ್ಟ ದೀಪ, ಯಾರಿಗೆ ಯಾವ ಕಡೆ ಬೇಕೋ ಆ ಕಡೆ ಬೆಳಕು. ಸರ್ಕಾರ ವಾಕ್ಯದ ಮೊದಲ ಅರ್ಧವನ್ನು ಹಿಡಿದುಕೊಂಡಿತು. 1990ರ ಮೇ ತಿಂಗಳಲ್ಲಿ ಕೃಷಿ ಸಚಿವ ಜಾನ್ ಗಮ್ಮರ್ ಕ್ಯಾಮೆರಾಗಳ ಮುಂದೆ ತಮ್ಮ ಪುಟ್ಟ ಮಗಳಿಗೆ ಬರ್ಗರ್ ಕೊಟ್ಟು, ತಾವೂ ತಿಂದು ತೋರಿಸಿದರು. 1996ರ ಮಾರ್ಚ್ 20ರಂದು ಅದೇ ಪಕ್ಷದ ಸರ್ಕಾರ ಸಂಸತ್ತಿನಲ್ಲಿ, ಯುವಜನರಲ್ಲಿ ಕಾಣಿಸಿಕೊಂಡ ಹೊಸ ಮೆದುಳಿನ ರೋಗಕ್ಕೂ ಹಸುವಿನ ರೋಗಕ್ಕೂ ನಂಟಿರುವ ಸಾಧ್ಯತೆಯೇ ಹೆಚ್ಚು ಎಂದು ಒಪ್ಪಿಕೊಳ್ಳಬೇಕಾಯಿತು.

ಇಲ್ಲಿ ಎದ್ದು ಕಾಣುವ ಸಂಗತಿ ಇಲಾಖೆಯ ರಚನೆ. ದನದ ಮಾಂಸದ ವ್ಯಾಪಾರ ಚೆನ್ನಾಗಿ ನಡೆಯುವಂತೆ ನೋಡಿಕೊಳ್ಳುವುದೂ, ಆ ಮಾಂಸ ತಿನ್ನಲು ಸುರಕ್ಷಿತವೇ ಎಂದು ಹೇಳುವುದೂ ಒಂದೇ ಸಚಿವಾಲಯದ ಕೆಲಸವಾಗಿತ್ತು. ಅಲ್ಲಿ ಕೂತವರು ಎಷ್ಟೇ ಒಳ್ಳೆಯವರಾಗಿದ್ದರೂ ದಿನಾ ಬೆಳಿಗ್ಗೆ ರೈತ ಸಂಘಗಳ ಫೋನು ಬರುತ್ತದೆ, ಹತ್ತು ವರ್ಷದ ಮೇಲೆ ರೋಗಿಯಾಗಲಿರುವವನ ಫೋನು ಬರುವುದಿಲ್ಲ. ಬ್ರಿಟನ್ 2000ದಲ್ಲಿ ಆಹಾರ ಸುರಕ್ಷತೆಗೇ ಬೇರೆ ಸಂಸ್ಥೆ ಮಾಡಿತು. ತಡವಾಯಿತು, ಆದರೆ ರೋಗ ಎಲ್ಲಿದೆ ಎಂದು ಸರಿಯಾಗಿಯೇ ಗುರುತಿಸಿತು.

ಸುಳ್ಳು ಹೇಳದೆಯೂ ಸತ್ಯ ಮುಚ್ಚಬಹುದು

ಸಿಗರೇಟಿನ ವಿಷಯದಲ್ಲಿ ಕಂಪನಿಗಳು ಬೇಕೆಂದೇ ಅನುಮಾನ ಬಿತ್ತಿದವು. ಒಂದು ತಂಬಾಕು ಕಂಪನಿಯ 1969ರ ಒಳ ಟಿಪ್ಪಣಿಯಲ್ಲಿ ಅನುಮಾನವೇ ನಮ್ಮ ಸರಕು ಎಂದು ಬರೆದದ್ದು ಮುಂದೆ ಹೊರಬಂತು. ಇದು ತುಂಬ ಸಲ ಹೇಳಿಯಾಗಿರುವ ಕಥೆ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು ಅದೇ ಕಂಪನಿಗಳ ಸಂಶೋಧನಾ ಮಂಡಳಿ ಒಳ್ಳೆಯ ವಿಜ್ಞಾನಕ್ಕೂ ಧಾರಾಳವಾಗಿ ಹಣ ಕೊಟ್ಟದ್ದು. ಕ್ಯಾನ್ಸರಿಗೆ ವಂಶವಾಹಿ ಕಾರಣವೇ, ವೈರಸ್ ಕಾರಣವೇ, ಹೀಗೆ. ಸಿಗರೇಟೊಂದನ್ನು ಬಿಟ್ಟು ಮಿಕ್ಕೆಲ್ಲ ಪ್ರಶ್ನೆಗಳಿಗೆ ದುಡ್ಡು ಸಿಗುತ್ತಿತ್ತು. ಅದರಲ್ಲಿ ದುಡಿದ ಬಹಳ ಜನ ಒಂದು ಅಂಕಿಯನ್ನೂ ತಿದ್ದಿರಲಿಕ್ಕಿಲ್ಲ. ಪ್ರಶ್ನೆ ಆರಿಸುವ ಹಕ್ಕು ಒಂದಿದ್ದರೆ ಉತ್ತರ ತಿದ್ದುವ ಗೋಜೇ ಬೇಡ.

ಇನ್ನೊಂದು ದಾರಿ ಒಪ್ಪಂದದ ಸಣ್ಣ ಅಕ್ಷರಗಳು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೋ ಶಾಖೆಯಲ್ಲಿ ಬೆಟ್ಟಿ ಡಾಂಗ್ ಎಂಬ ಔಷಧ ತಜ್ಞೆ 1987ರಲ್ಲಿ ಒಂದು ಕಂಪನಿಯ ಹಣದಿಂದ ಅಧ್ಯಯನ ಶುರು ಮಾಡಿದರು. ಥೈರಾಯ್ಡ್‌ಗೆ ಕೊಡುವ ಆ ಕಂಪನಿಯ ದುಬಾರಿ ಮಾತ್ರೆ, ಕಡಿಮೆ ಬೆಲೆಯ ಮಾತ್ರೆಗಳಿಗಿಂತ ಮೇಲು ಎಂದು ತೋರಿಸುತ್ತದೆ ಎಂಬ ನಂಬಿಕೆ ಕಂಪನಿಗಿತ್ತು. ಎಲ್ಲವೂ ಸಮ ಎಂಬ ಫಲಿತಾಂಶ ಬಂತು. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಪ್ರಕಟಿಸುವಂತಿಲ್ಲ ಎಂಬ ಸಾಲಿಗೆ ಡಾಂಗ್ ಸಹಿ ಹಾಕಿದ್ದರು. ಅಮೆರಿಕದ ದೊಡ್ಡ ವೈದ್ಯಕೀಯ ಪತ್ರಿಕೆಯೊಂದು 1995ರಲ್ಲಿ ಅಚ್ಚು ಹಾಕಲು ಸಿದ್ಧವಾಗಿದ್ದ ಲೇಖನವನ್ನು ಡಾಂಗ್ ಕೊನೆ ಗಳಿಗೆಯಲ್ಲಿ ಹಿಂದೆಗೆದುಕೊಳ್ಳಬೇಕಾಯಿತು. ಅದು ಬೆಳಕು ಕಂಡದ್ದು 1997ರಲ್ಲಿ. ಆ ನಡುವಿನ ವರ್ಷಗಳಲ್ಲಿ ರೋಗಿಗಳು ಜಾಸ್ತಿ ದುಡ್ಡು ಕೊಡುತ್ತಲೇ ಇದ್ದರು.

ವಿಶ್ವವಿದ್ಯಾಲಯಗಳು ಇಂಥ ಒಪ್ಪಂದಕ್ಕೆ ಯಾಕೆ ಸಹಿ ಹಾಕುತ್ತವೆ? ಹಣಕ್ಕಾಗಿ, ಮತ್ತೇನು. ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕದಲ್ಲಿ ಮೂಲ ವಿಜ್ಞಾನಕ್ಕೆ ಸರ್ಕಾರವೇ ಹಣ ಕೊಡಬೇಕು ಎಂಬ ಏರ್ಪಾಡು ಬಂತು. 1980ರಲ್ಲಿ ಬೇ-ಡೋಲ್ ಕಾಯ್ದೆ ಬಂದು, ಸರ್ಕಾರಿ ಹಣದಿಂದ ಕಂಡುಹಿಡಿದದ್ದಕ್ಕೂ ವಿಶ್ವವಿದ್ಯಾಲಯವೇ ಪೇಟೆಂಟ್ ಇಟ್ಟುಕೊಂಡು ಕಂಪನಿಗಳಿಗೆ ಕೊಡಬಹುದು ಎಂದಾಯಿತು. ಲ್ಯಾಬಿನ ಮೂಲೆಯಲ್ಲಿ ಕೊಳೆಯುತ್ತಿದ್ದ ಸಂಶೋಧನೆಗಳು ಔಷಧಗಳಾಗಿ ಹೊರಬಂದವು, ಅದು ನಿಜ. ಪ್ರಾಧ್ಯಾಪಕರೇ ಪಾಲುದಾರರಾದರು, ಅದೂ ನಿಜ.

ಉದ್ಯಮದ ಕಡೆಯಿಂದಲೂ ಒಂದು ಮಾತು

ಮಿಡ್ಜ್ಲಿ ಸೀಸದ ನಂತರ ಕಂಡುಹಿಡಿದದ್ದು ಫ್ರಿಜ್ಜುಗಳಿಗೆ ಬೇಕಾದ ಸಿಎಫ್‌ಸಿ ಅನಿಲ. ಒಬ್ಬನೇ ಮನುಷ್ಯನ ಹೆಸರಿಗೆ ಎರಡು ಅನಾಹುತ! ಸಿಎಫ್‌ಸಿ ಓಝೋನ್ ಪದರವನ್ನು ತಿನ್ನಬಹುದು ಎಂದು ಮಾರಿಯೋ ಮೊಲಿನಾ ಮತ್ತು ಶೆರ್‌ವುಡ್ ರೋಲ್ಯಾಂಡ್ 1974ರಲ್ಲಿ ಬರೆದರು. ಉದ್ಯಮ ಮಾಮೂಲಿನಂತೆ ಗೊಣಗಿತು. ಅಂಟಾರ್ಕ್ಟಿಕದ ಮೇಲೆ ಓಝೋನ್ ತೆಳುವಾದದ್ದು 1985ರಲ್ಲಿ ಪ್ರಕಟವಾಯಿತು. 1987ರಲ್ಲಿ ಸಿಎಫ್‌ಸಿ ಕಡಿಮೆ ಮಾಡುವ ಅಂತರರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು, ಮರುವರ್ಷ ಅತಿ ದೊಡ್ಡ ತಯಾರಕ ಡ್ಯುಪಾಂಟ್ ತಾನೇ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಎಚ್ಚರಿಕೆಯಿಂದ ಒಪ್ಪಂದಕ್ಕೆ 13 ವರ್ಷ. ಸೀಸದ ಮುಂದೆ ಇದು ಏನೇನೂ ಅಲ್ಲ.

ಡ್ಯುಪಾಂಟ್ ಒಳ್ಳೆಯ ಮನಸ್ಸು ಮಾಡಿತು ಎಂದು ಯಾರೂ ಹೇಳುವುದಿಲ್ಲ. ತಯಾರಕರು ಕೆಲವೇ ಜನ ಇದ್ದರು, ಬದಲಿ ಅನಿಲವನ್ನು ಅವರೇ ಮಾಡಿ ಮಾರಬಹುದಿತ್ತು, ಎಲ್ಲ ದೇಶಕ್ಕೂ ಒಂದೇ ನಿಯಮ ಬಂದರೆ ಪಕ್ಕದವನು ಅಗ್ಗಕ್ಕೆ ಮಾರುವ ಭಯವಿರಲಿಲ್ಲ. ಕಂಪನಿಗಳು ನಿಯಮವನ್ನು ದ್ವೇಷಿಸುತ್ತವೆ ಎನ್ನುವುದು ಅರ್ಧ ಸತ್ಯ. ಅವಕ್ಕೆ ಹೆಚ್ಚು ಸಿಟ್ಟು ಬರುವುದು ನಾಳೆ ಬದಲಾಗಬಹುದಾದ ನಿಯಮದ ಮೇಲೆ. ಜೊತೆಗೆ ಪದಾರ್ಥ ಹೇಗೆ ತಯಾರಾಗುತ್ತದೆ, ಎಲ್ಲಿ ಸೋರುತ್ತದೆ, ಯಾರ ಕೈಗೆ ತಾಗುತ್ತದೆ ಎಂಬುದು ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಅವರನ್ನು ಕೋಣೆಯಿಂದ ಹೊರಗಿಟ್ಟರೆ ಆ ತಿಳಿವಳಿಕೆಯೂ ಹೊರಗುಳಿಯುತ್ತದೆ.

ಒಂದು ನಡು ದಾರಿ, ಅದಕ್ಕೂ ಬಿದ್ದ ಪೆಟ್ಟು

ಕಂಪನಿಯ ಹಣ ಬೇಕು, ಕಂಪನಿಯ ಹಿಡಿತ ಬೇಡ. ಇದನ್ನು ನಿಜವಾಗಿ ಮಾಡಲು ನೋಡಿದ ಒಂದು ಸಂಸ್ಥೆ ಬಾಸ್ಟನ್ನಿನಲ್ಲಿದೆ. 1980ರಲ್ಲಿ ಹುಟ್ಟಿದ ಹೆಲ್ತ್ ಎಫೆಕ್ಟ್ಸ್ ಇನ್‌ಸ್ಟಿಟ್ಯೂಟ್. ಮೂಲತಃ ಅರ್ಧ ಹಣ ಅಮೆರಿಕದ ಪರಿಸರ ಸಂಸ್ಥೆಯದ್ದು, ಅರ್ಧ ವಾಹನ ಕಂಪನಿಗಳದ್ದು. ಯಾವ ಸಂಶೋಧನೆ ಮಾಡಬೇಕು, ಏನು ಪ್ರಕಟಿಸಬೇಕು ಎಂಬುದು ಇಬ್ಬರ ಕೈಯಲ್ಲೂ ಇಲ್ಲ. ಯಾವ ಉತ್ತರ ಬಂದರೂ ಪ್ರಕಟವಾಗುತ್ತದೆ.

ಅದಕ್ಕೆ ದೊಡ್ಡ ಪರೀಕ್ಷೆ ಬಂದದ್ದು ಹಾರ್ವರ್ಡ್‌ನ ಆರು ನಗರಗಳ ಅಧ್ಯಯನದಿಂದ. 8,111 ಜನರ ಆರೋಗ್ಯವನ್ನು ಹದಿನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಗಾಳಿ ಅತಿ ಕೊಳಕಾಗಿದ್ದ ನಗರದಲ್ಲಿ, ಅತಿ ಸ್ವಚ್ಛವಾಗಿದ್ದ ನಗರಕ್ಕಿಂತ ಸಾವಿನ ಪ್ರಮಾಣ 26 ಶೇಕಡಾ ಜಾಸ್ತಿ ಎಂದಿತು. ಇದರ ಆಧಾರದ ಮೇಲೆ 1997ರಲ್ಲಿ ಸಣ್ಣ ದೂಳಿನ ಕಣಗಳಿಗೆ ಹೊಸ ಮಿತಿ ಬಂತು. ಕೋಟ್ಯಂತರ ಡಾಲರಿನ ವಿಷಯ. ಮೂಲ ದಾಖಲೆ ಕೊಡಿ ಎಂದು ಉದ್ಯಮ ಪಟ್ಟು ಹಿಡಿಯಿತು. ಹೆಸರು, ಕಾಯಿಲೆಯ ವಿವರ ಗುಟ್ಟಾಗಿ ಇಡುತ್ತೇವೆ ಎಂದು ಆ 8,111 ಜನರಿಗೆ ಮಾತು ಕೊಟ್ಟಿದ್ದೇವೆ, ಕೊಡಲಾಗದು ಎಂದು ಸಂಶೋಧಕರು ಹೇಳಿದರು. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಕೊನೆಗೆ ದಾಖಲೆಗಳನ್ನು ಬಾಸ್ಟನ್ನಿನ ಈ ಸಂಸ್ಥೆಗೆ ಒಪ್ಪಿಸಿ, ಅದು ಆರಿಸಿದ ಹೊರಗಿನ ತಂಡ ಮೊದಲಿನಿಂದ ಲೆಕ್ಕ ಮಾಡಿತು. 2000ದಲ್ಲಿ ಬಂದ ಮರುಲೆಕ್ಕ ಮೂಲ ಫಲಿತಾಂಶವನ್ನೇ ಎತ್ತಿಹಿಡಿಯಿತು. ಉದ್ಯಮದ ಹಣವೂ ಸೇರಿದ್ದ ಸಂಸ್ಥೆಯೇ ಉದ್ಯಮಕ್ಕೆ ಬೇಡವಾದ ಉತ್ತರ ಕೊಟ್ಟಿತು.

ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಮೂಲ ದಾಖಲೆ ಎಲ್ಲರಿಗೂ ತೆರೆದಿಡದ ಅಧ್ಯಯನಗಳನ್ನು ನಿಯಮ ಮಾಡುವಾಗ ಬಳಸಬಾರದು ಎಂದು ಅದೇ ಪರಿಸರ ಸಂಸ್ಥೆ 2018ರಲ್ಲಿ ಪ್ರಸ್ತಾಪ ಇಟ್ಟಿತು. ಪಾರದರ್ಶಕತೆ ಎಂಬ ಹೆಸರು. ಕೇಳಲು ಎಷ್ಟು ಸರಿ ಅನ್ನಿಸುತ್ತದೆ ಅಲ್ವಾ? ಆದರೆ ರೋಗಿಗಳ ಗುಟ್ಟು ಕಾಪಾಡುವ ಆರೋಗ್ಯ ಅಧ್ಯಯನಗಳೇ ಇದರಿಂದ ಮೂಲೆಗೆ ಬೀಳುತ್ತಿದ್ದವು, ಆರು ನಗರಗಳ ಅಧ್ಯಯನವೂ ಸೇರಿ. ಕೀಹೋ ಅವರ 'ಮಾಹಿತಿ ತೋರಿಸಿ' ಈಗ ಸರ್ಕಾರದ ಬಾಯಿಂದಲೇ ಬಂದಿತ್ತು. ಸ್ವಲ್ಪ ಮೆದುಗೊಳಿಸಿದ ರೂಪದಲ್ಲಿ 2021ರ ಜನವರಿಯಲ್ಲಿ ನಿಯಮ ಅಂತಿಮವಾಯಿತು. ಮರುತಿಂಗಳೇ ಮೊಂಟಾನಾದ ಫೆಡರಲ್ ನ್ಯಾಯಾಲಯ ಅದನ್ನು ರದ್ದು ಮಾಡಿತು. ರದ್ದಾದದ್ದು ನಿಯಮವನ್ನು ತರಾತುರಿಯಲ್ಲಿ ಜಾರಿಗೆ ತಂದ ವಿಧಾನ ಸರಿಯಿಲ್ಲ ಎಂಬ ಕಾರಣಕ್ಕೆ. ಬಚ್ಚಿಟ್ಟ ದಾಖಲೆಯ ಅಧ್ಯಯನವನ್ನು ಎಷ್ಟು ನಂಬಬೇಕು ಎಂಬ ಮೂಲ ಪ್ರಶ್ನೆಯ ಮೇಲೆ ಕೋರ್ಟು ಏನೂ ತೀರ್ಮಾನ ಹೇಳಲಿಲ್ಲ.